ಗುರು ದೂರ, ತಾಯಿ ಹತ್ತಿರ

2020ರ ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿದುವು. ಕೆಲವು ತಿಂಗಳಲ್ಲೇ ನನ್ನ ಮಗನ ಪಾಠಗಳೆಲ್ಲ ಮೊಬೈಲಿಗೆ ಬಂದುವು. ಕಾಲೇಜಿನಲ್ಲಿ ಹದಿನೈದು ವರ್ಷ ಕನ್ನಡ ಕಲಿಸಿದ ಹೆಮ್ಮೆಯಿಂದ ನಾನು ಅವನ ಪಕ್ಕದಲ್ಲಿ ಕುಳಿತೆ. ಉಪಾಧ್ಯಾಯಿನಿ ಪ್ರಶ್ನೆ ಕೇಳುವರು. ಹುಡುಗ ಬಾಯಿ ತೆರೆಯುವ ಮುನ್ನವೇ ನಾನು ಪಿಸುಮಾತಿನಲ್ಲಿ ಉತ್ತರ ಹೇಳಿಕೊಡುವೆನು. ಒಂದು ದಿನ ಆಕೆ ನಕ್ಕು, "ಸಾರ್, ಈ ಪ್ರಶ್ನೆ ನಿಮ್ಮ ಮಗನಿಗೆ" ಎಂದರು. ನಾನು ನಾಚಿ ಎದ್ದುಹೋದೆ.

ಗುರು ಒಂದೆಡೆ, ಶಿಷ್ಯ ಮತ್ತೊಂದೆಡೆ, ನಡುವೆ ತಾಯಿತಂದೆಗಳು: ಈ ಏರ್ಪಾಡು ಹೊಸದೆಂದು ಆಗ ನಾವೆಲ್ಲ ತಿಳಿದೆವು. ಆಸ್ಟ್ರೇಲಿಯದ ಚರಿತ್ರೆ ಬೇರೆಯೇ ಹೇಳುತ್ತದೆ. 1914ರಲ್ಲಿ ವಿಕ್ಟೋರಿಯ ಪ್ರಾಂತದ ಕಾಡುಗುಡ್ಡಗಳಲ್ಲಿ ನೆಲಸಿದ್ದವನೊಬ್ಬನು, ಹತ್ತಿರ ಶಾಲೆಯಿಲ್ಲ, ಮಕ್ಕಳಿಗೆ ಅಂಚೆಯಲ್ಲಿ ಪಾಠ ಕಳುಹಿಸಿ ಎಂದು ವಿದ್ಯಾ ಇಲಾಖೆಗೆ ಬರೆದುಕೊಂಡನು. ಇಲಾಖೆ ಒಪ್ಪಿತು. ಅಲ್ಲಿ ಅಂಚೆಯ ಶಿಕ್ಷಣ ಹುಟ್ಟಿದುದು ಒಬ್ಬ ತಂದೆಯ ಕಾಗದದಿಂದ.

ಮುಂದೆ 1929ರ ಹೊತ್ತಿಗೆ ಆಲ್‌ಫ್ರೆಡ್ ಟ್ರೇಗರನು, ಸೈಕಲ್ಲಿನಂತೆ ಕಾಲಿನಿಂದ ತುಳಿದು ವಿದ್ಯುತ್ತು ಹುಟ್ಟಿಸುವ ಬಾನುಲಿ ಯಂತ್ರವನ್ನು ಸಿದ್ಧಮಾಡಿದನು. ಒಂಟಿಮನೆಗಳವರು ಅದರಿಂದ ವಿಮಾನದ ವೈದ್ಯರನ್ನು ಕರೆಯುತ್ತಿದ್ದರು. ವೈದ್ಯರನ್ನು ಕರೆವ ಯಂತ್ರ ಗುರುವನ್ನೂ ಏಕೆ ಕರೆಯಬಾರದು ಎಂದು ಯೋಚಿಸಿದವರು ಅಡಿಲೇಡ್ ಮೀಥ್ಕೆ ಎಂಬ ಶಿಕ್ಷಣತಜ್ಞೆ. 1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸ್ ಊರಿನಲ್ಲಿ ಬಾನುಲಿಯ ಶಾಲೆ ವಿಧ್ಯುಕ್ತವಾಗಿ ತೆರೆಯಿತು. ಬಾನುಲಿಯ ಪಾಠ ಸ್ವಲ್ಪ ಹೊತ್ತು ಮಾತ್ರ. ಉಳಿದುದು ಅಂಚೆಯಲ್ಲಿ ಬಂದ ಪಾಠ. ಮನೆಗೆಲಸದ ನಡುವೆ ಅದನ್ನು ಮಾಡಿಸುತ್ತಿದ್ದವಳು ಬಹುಮಟ್ಟಿಗೆ ತಾಯಿ. ಚರಿತ್ರೆ ಯಂತ್ರ ಕಟ್ಟಿದವನ ಹೆಸರನ್ನು ಉಳಿಸಿಕೊಂಡಿದೆ. ಈ ತಾಯಂದಿರ ಹೆಸರುಗಳನ್ನು ಯಾರು ಬರೆದಿಟ್ಟರು?

ನಮ್ಮಲ್ಲಿಯೂ ಪ್ರಯತ್ನಗಳು ನಡೆಯದೆ ಇರಲಿಲ್ಲ. 2020ರ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿ ಪಾಠಗಳನ್ನು ಆರಂಭಿಸಿತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಿತು. ಉಪಾಧ್ಯಾಯರೇ ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು.

ಆಗ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಮನೆಯಲ್ಲಿ ಇದ್ದುದು ಒಂದೇ ಮೊಬೈಲು. ಅದು ದಿನವಿಡೀ ಆಕೆಯೊಡನೆ ಮನೆಮನೆ ಸುತ್ತುತ್ತಿತ್ತು. ಮಗಳಿಗೆ ಪಾಠ ಸಿಕ್ಕುತ್ತಿದ್ದುದು ರಾತ್ರಿಯೇ. "ನಿನಗೆ ಓದು ಬಾರದಲ್ಲಮ್ಮ, ಹೇಗೆ ಹೇಳಿಕೊಡುತ್ತಿ?" ಎಂದೆ. "ನಾನೇನು ಹೇಳಿಕೊಡ್ಲಿ ಸಾರ್, ಗಟ್ಯಾಗಿ ಓದು ಅಂತೀನಿ, ಕೇಳ್ತಾ ಕೂತಿರ್ತೀನಿ" ಎಂದಳು.

ಇಷ್ಟರಿಂದಲೇ ಆ ಹುಡುಗಿಯ ಕೊರತೆ ತುಂಬಿತೆಂದು ಹೇಳಿದರೆ ಅದು ಆತ್ಮವಂಚನೆಯಾದೀತು. ಆಸ್ಟ್ರೇಲಿಯದ ತಾಯಿಗೆ ಬೆಂಬಲವಾಗಿ ಇಲಾಖೆಯ ಪಾಠಗಳಿದ್ದುವು, ಗುರುವಿನ ದನಿಯಿತ್ತು. ಈಕೆಗೆ ಇದ್ದುದು ದಣಿದ ಮೈಯೊಂದೇ. ಆದರೂ ನನಗೆ ತಿಳಿಯದ ಒಂದನ್ನು ಆಕೆ ತಿಳಿದಿದ್ದಳು. ಮರುದಿನ ನಾನು ಮತ್ತೆ ಮಗನ ಪಕ್ಕದಲ್ಲಿ ಕುಳಿತೆ, ಬಾಯಿ ಮುಚ್ಚಿಕೊಂಡು.