ಸೂರು ದುರಸ್ತಿಯ ಚರಿತ್ರೆ



ಚರಿತ್ರೆಯೆಂದೊಡನೆ ಅರಸರ ವಂಶಾವಳಿಯೂ ಯುದ್ಧಗಳ ಇಸವಿಯೂ ನಿಮ್ಮ ನೆನಪಿಗೆ ಬರಬಹುದು. ನಿಮ್ಮ ತಲೆಯ ಮೇಲಿನ ಸೂರಿಗೂ ಒಂದು ಚರಿತ್ರೆಯಿದೆ. ಮನೆಯನ್ನು ಒಮ್ಮೆ ಕಟ್ಟುತ್ತಾರೆ. ಸೂರನ್ನು ಮಾತ್ರ ಮತ್ತೆ ಮತ್ತೆ ಸರಿಪಡಿಸುತ್ತಲೇ ಇರಬೇಕು. ಆ ದುರಸ್ತಿಯನ್ನು ಯಾರು ಮಾಡುತ್ತಿದ್ದರು? ಸಾಮಗ್ರಿ ಎಲ್ಲಿಂದ ಬರುತ್ತಿತ್ತು? ಖರ್ಚು ಯಾರದು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ಸೀಮೆಯ ಬದುಕೇ ತೆರೆದುಕೊಳ್ಳುತ್ತದೆ.

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯ ಸೀಮೆಯನ್ನೇ ನೋಡೋಣ. ಇಲ್ಲಿಂದ ಮುಂದಕ್ಕೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ, ಅದರ ಸುತ್ತ ಕಾಡು. ಊರುಗಳ ನಡುವೆ ಬಂಡೆಗಲ್ಲು, ರಾಗಿ ಹೊಲ, ಹಿಪ್ಪುನೇರಳೆ ತೋಟ. ಸೂರಿನ ಸಾಮಗ್ರಿ ಮೊದಲು ಬಂದದ್ದು ಈ ನೆಲದಿಂದಲೇ.

ಬಡವರ ಮನೆಗೆ ಹುಲ್ಲಿನ ಸೂರು. ಬಿದಿರಿನ ಗಳುಗಳನ್ನು ಬಿಗಿದು, ಕೆಳಗಿನಿಂದ ಮೇಲಕ್ಕೆ ಪದರಪದರವಾಗಿ ಹುಲ್ಲು ಹೊದಿಸುತ್ತಿದ್ದರು. ಹುಲ್ಲು ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಒಂದು ಕಿಡಿ ಬಿದ್ದರೆ ಕೇರಿಯೇ ಉರಿಯುತ್ತದೆ. ಆದರೂ ದುರಸ್ತಿಗೆ ಕಾಸು ಬೇಕಿರಲಿಲ್ಲ. ಹುಲ್ಲು ಬಿದಿರು ಕಾಡಿನದು, ಕೆಲಸ ಮುಯ್ಯಾಳಿನದು: ಇಂದು ನಿನ್ನ ಮನೆ, ನಾಳೆ ನನ್ನ ಮನೆ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಈ ಕಾಡನ್ನು ಸರ್ಕಾರದ ಕಟ್ಟುಪಾಡಿಗೆ ತಂದಿತು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಅದರೊಳಗಿನಿಂದ ಅಪ್ಪಣೆಯಿಲ್ಲದೆ ಬಿದಿರು ಕಡಿದು ತರುವಂತಿಲ್ಲ. ಕಾಡಿನ ರಕ್ಷಣೆಗೆ ಇದು ಬೇಕಾಗಿತ್ತು. ಆದರೆ ಬಡವನ ಸೂರಿನ ಸಾಮಗ್ರಿ ಇದರಿಂದ ಕೈತಪ್ಪಿತು.

ಸ್ವಲ್ಪ ಉಳ್ಳವರದು ನಾಡಹೆಂಚಿನ ಮನೆ. ಕುಂಬಾರರು ತಿಗರಿಯ ಮೇಲೆ ಕೊಳವೆಯಾಕಾರದಲ್ಲಿ ಮಣ್ಣನ್ನು ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ, ಒಣಗಿಸಿ ಸುಡುತ್ತಿದ್ದರು. ಅಂಗಾತ ಒಂದು ಸಾಲು, ಅದರ ಮೇಲೆ ಬೋರಲು ಒಂದು ಸಾಲು. ಮೊಳೆಯಿಲ್ಲ, ಗಾರೆಯಿಲ್ಲ, ಹೆಂಚು ತನ್ನ ಭಾರದಿಂದಲೇ ಕೂತಿರಬೇಕು. ಕೋತಿ ನೆಗೆದರೆ, ಬೆಕ್ಕು ಓಡಿದರೆ, ಬಿರುಗಾಳಿ ಬೀಸಿದರೆ ಅದು ಸರಿಯುತ್ತದೆ. ಆದ್ದರಿಂದ ಭರಣಿ ಮಳೆ ಹಿಡಿಯುವ ಮುಂಚೆ ವರ್ಷವರ್ಷವೂ ಹೆಂಚು ಕೈಯಾಡಿಸಲೇಬೇಕಾಗಿತ್ತು. ತೊಟ್ಟಿಮನೆಯಲ್ಲಿ ಎರಡು ಇಳಿಜಾರುಗಳು ಕೂಡುವ ಮೂಲೆಯೇ ಹೆಚ್ಚು ಸೋರುವ ಜಾಗ. ಎರಡೂ ಕಡೆಯ ನೀರು ಅಲ್ಲಿಗೆ ಬಂದು ಸೇರುತ್ತದೆ.

ಬಂಡೆಯ ಸೀಮೆಯಲ್ಲಿ ಕಲ್ಲಿನ ಚಾವಣಿಯೂ ಇತ್ತು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಕಲ್ಲಿನ ಚಪ್ಪಡಿಗಳನ್ನು ಗೋಡೆಯಿಂದ ಗೋಡೆಗೆ ಹಾಸುತ್ತಿದ್ದರು. ಚಪ್ಪಡಿಯ ಉದ್ದವೇ ಕೋಣೆಯ ಅಗಲ. ಕಲ್ಲು ಕೊಳೆಯದು, ಉರಿಯದು. ಆದರೆ ಚಪ್ಪಡಿಗಳ ನಡುವಿನ ಸಂದಿನ ಗಾರೆ ಬಿರುಕುಬಿಟ್ಟರೆ ನೀರು ಒಳಗಿಳಿಯುತ್ತದೆ.

ಈ ನಡುವೆ ಕರಾವಳಿಯಲ್ಲಿ ಒಂದು ಹೊಸ ಸಂಗತಿ ನಡೆಯಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮಂಗಳೂರು ಹೆಂಚಿನ ಅಂಚಿನಲ್ಲಿ ಏಣು, ಕಾಲುವೆ ಇರುತ್ತವೆ. ಒಂದು ಹೆಂಚು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಅಡಿಯ ಗುಬುಟು ರೀಪಿಗೆ ತಗುಲಿಕೊಳ್ಳುತ್ತದೆ. ಹೀಗಾಗಿ ಒಂದೇ ಪದರ ಸಾಕು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಘಟ್ಟ ಹತ್ತಿ ಬಂದ ಈ ಹೆಂಚು ಮೈಸೂರು ಸೀಮೆಯಲ್ಲಿಯೂ ಹರಡಿತು. ದುರಸ್ತಿ ಸುಲಭವಾಯಿತು, ಆದರೆ ಅದರ ಸಾಮಗ್ರಿ ಊರಿನ ಕುಂಬಾರನ ಕೈಬಿಟ್ಟು ಪೇಟೆಗೆ ಹೋಯಿತು. ಭಾರತದ ಜನಗಣತಿ 2011ರಲ್ಲಿ ಮನೆಗಳ ಚಾವಣಿಯನ್ನು ಲೆಕ್ಕ ಹಾಕುವಾಗ ಕೈಹೆಂಚು, ಯಂತ್ರದ ಹೆಂಚು ಎಂದು ಬೇರೆ ಬೇರೆಯಾಗಿ ಬರೆದುಕೊಂಡಿತೆಂಬುದನ್ನು ನೆನಪಿಡಿ.

ಆಮೇಲೆ ಬಂದವು ಸಿಮೆಂಟ್ ಶೀಟು ಮತ್ತು ಆರ್.ಸಿ.ಸಿ. 1970ರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳು, 1985ರಲ್ಲಿ ಆರಂಭವಾದ ಇಂದಿರಾ ಆವಾಸ್, 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ ಇವೆಲ್ಲ ಬಡವರಿಗೆ ಸ್ವಂತ ಸೂರನ್ನು ಕೊಡಲು ಬಂದವು. ಆದರೆ ಅವುಗಳ ಹಣ ಮುಖ್ಯವಾಗಿ ಮನೆ ಕಟ್ಟುವುದಕ್ಕೆ. ಮುಂದಿನ ದುರಸ್ತಿ ಮನೆಯವರ ಪಾಲಿಗೆ.

ಆರ್.ಸಿ.ಸಿ. ಸೋರುವುದೇಕೆ? ನೀರು ಹರಿದುಹೋಗಲು ಇಳುಕಲು ಇಲ್ಲದಿದ್ದರೆ ತಾರಸಿಯ ಮೇಲೆ ನಿಲ್ಲುತ್ತದೆ, ಬಿರುಕಿನಲ್ಲಿ ಇಳಿದು ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗಿ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಒಳಗಿನಿಂದ ಸುಣ್ಣ ಬಳಿದರೆ ಕಲೆ ಮುಚ್ಚುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ.

ಆಸ್ಬೆಸ್ಟಾಸ್ ಶೀಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರ ನಾರಿನ ಧೂಳು ಉಸಿರಿನಲ್ಲಿ ಸೇರಿದರೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ಕೈಗಾರಿಕೆಯ ಕಾರ್ಮಿಕರ ಆರೋಗ್ಯ ರಕ್ಷಣೆಗಾಗಿ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿತು. ಹಳೆಯ ಶೀಟನ್ನು ಗರಗಸದಿಂದ ಕೊಯ್ಯುವುದು, ಬಡಿದು ಒಡೆಯುವುದು ಅಪಾಯ. ನೀರಿನಿಂದ ನೆನೆಸಿ, ಒಡೆಯದಂತೆ ಇಡಿಯಾಗಿಯೇ ಇಳಿಸಬೇಕು.

ಈ ಸೀಮೆಯಲ್ಲಿ ಸೂರು ಕೆಟ್ಟರೆ ಬೆಳೆಯೂ ಕೆಡುತ್ತದೆ. ರೇಷ್ಮೆಹುಳು ಸಾಕುವುದು ಸೂರಿನ ಅಡಿಯಲ್ಲಿಯೇ. ಬೆಳೆದ ಹುಳುವಿಗೆ ಸುಮಾರು 24–25 ಡಿಗ್ರಿ ಸೆಲ್ಸಿಯಸ್ ಹಿತ. ಬೇಸಿಗೆಯಲ್ಲಿ ಶೀಟಿನ ಕೆಳಗೆ ಕಾವು ಇದನ್ನು ಮೀರುತ್ತದೆ. ಆದ್ದರಿಂದಲೇ ರೈತರು ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದುಂಟು. ಅಜ್ಜನ ಕಾಲದ ಹೊದಿಕೆ ಹೀಗೆ ಮೊಮ್ಮಗನ ಶೀಟನ್ನು ಕಾಯುತ್ತದೆ.

ಹುಲ್ಲಿನಿಂದ ಕಾಂಕ್ರೀಟಿನವರೆಗೆ ಬಂದಂತೆ ಸೂರಿನ ಬಾಳಿಕೆ ಹೆಚ್ಚಿತು. ಮನೆಯವರೇ ಏಣಿ ಹತ್ತಿ ಸರಿಪಡಿಸುವ ಶಕ್ತಿ ಕಡಿಮೆಯಾಯಿತು. ಹೊಸ ಸೂರನ್ನು ಆರಿಸುವಾಗ ಅದರ ಬೆಲೆಯನ್ನಷ್ಟೇ ಕೇಳಿದರೆ ಸಾಲದು. ಅದು ಕೆಟ್ಟಾಗ ಸರಿಪಡಿಸುವವರು ಯಾರೆಂದೂ ಕೇಳಬೇಕು.

ನಿಮಗೊಂದು ಕೆಲಸ: ನಿಮ್ಮ ಬೀದಿಯ ಹತ್ತು ಮನೆಗಳ ಚಾವಣಿಯನ್ನು ನೋಡಿ ಪಟ್ಟಿ ಮಾಡಿ. ಮೊದಲು ಏನಿತ್ತು, ಯಾವಾಗ ಬದಲಾಯಿತು, ಏಕೆ ಬದಲಾಯಿತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆ ಪಟ್ಟಿ ನಿಮ್ಮ ಊರಿನ ಚರಿತ್ರೆಯ ಮೊದಲ ಪುಟವಾದೀತು.