ಅಗ್ಗಿಷ್ಟಿಕೆಯ ಮೇಲಿನ ಹುಲಿ: ಸ್ಟಾಫರ್ಡ್‌ಶೈರ್ ಬೊಂಬೆಗಳೂ ಅವುಗಳ ಸಂಗ್ರಾಹಕರೂ

ಹುಲಿಯ ಬಾಯಲ್ಲಿ ಮನುಷ್ಯನ ತಲೆ. ಅಂಗಾತ ಬಿದ್ದಿರುವ ಅವನ ಮೈಮೇಲೆ ಸೈನ್ಯಾಧಿಕಾರಿಯ ಉಡುಪು. ಒಂದು ಮೊಳದಷ್ಟೂ ಉದ್ದವಿಲ್ಲದ ಈ ಮಣ್ಣಿನ ಬೊಂಬೆಯ ಪೀಠದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ 'ದ ಡೆತ್ ಆಫ್ ಮನ್ರೋ' ಎಂದಿದೆ. ಹೆಸರಿನ ಕೊನೆಗೆ ಇರಬಾರದ ಒಂದು 'ಡಬ್ಲ್ಯೂ' ಸೇರಿಕೊಂಡಿದೆ. ಹೆಸರನ್ನು ಬರೆದವರು ಅದನ್ನು ಕಿವಿಯಿಂದ ಕೇಳಿ ಬರೆದಿರಬೇಕು.

1820ರ ದಶಕದ ಸುಮಾರಿಗೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಸುಟ್ಟ ಬೊಂಬೆ ಇದು. ಹಳೆಯ ಇಂಗ್ಲಿಷ್ ಮಣ್ಣಿನ ಬೊಂಬೆಗಳನ್ನು ಸಂಗ್ರಹಿಸುವವರ ನಡುವೆ ಇದಕ್ಕೆ ದೊಡ್ಡ ಹೆಸರಿದೆ. ಕನ್ನಡದ ಓದುಗನಿಗೆ ಇದನ್ನು ಕಂಡೊಡನೆ ಬೇರೊಂದು ಹುಲಿ ನೆನಪಾಗುತ್ತದೆ: ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ, ಬಿಳಿಯ ಸಿಪಾಯಿಯ ಎದೆಯ ಮೇಲೆ ಪಂಜವೂರಿದ ಟಿಪ್ಪುವಿನ ಮರದ ಹುಲಿ. ಈ ಎರಡಕ್ಕೂ ಏನು ನಂಟು? ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಬೊಂಬೆ ಮಾಡಿದವರ ಊರಿಗೆ, ಆಮೇಲೆ ಅದನ್ನು ಕಾಪಿಟ್ಟವರ ಮನೆಗೆ ಹೋಗಬೇಕು.

ಸುದ್ದಿ ಹಳೆಯದು. 1792ರ ಡಿಸೆಂಬರ್ 22ರಂದು ಬಂಗಾಳ ಕೊಲ್ಲಿಯ ಸಾಗರ ದ್ವೀಪದಲ್ಲಿ ಬೇಟೆಗೆಂದು ಇಳಿದಿದ್ದ ಕೆಲವು ಇಂಗ್ಲಿಷರ ಮೇಲೆ ಹುಲಿ ಎರಗಿ, ಮನ್ರೋ ಎಂಬ ಯುವಕನ ತಲೆಗೆ ಬಾಯಿ ಹಾಕಿ ಎಳೆದೊಯ್ದಿತು. ಜೊತೆಗಾರರ ಗುಂಡಿಗೆ ಹುಲಿ ಅವನನ್ನು ಬಿಟ್ಟರೂ ಅವನು ಬದುಕುಳಿಯಲಿಲ್ಲ. ಕಣ್ಣಾರೆ ಕಂಡವರೊಬ್ಬರ ಪತ್ರ ಮರುವರ್ಷ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. ಕರ್ನಾಟಕದಲ್ಲಿ ಮನ್ರೋ ಎಂದರೆ ನೆನಪಿಗೆ ಬರುವುದು ಕಂದಾಯದ ವ್ಯವಸ್ಥೆಗೆ ಹೆಸರಾದ ಥಾಮಸ್ ಮನ್ರೋ. ಈ ಯುವಕ ಆ ಮನೆಯವನಲ್ಲ. ಇವನ ತಂದೆ ಸರ್ ಹೆಕ್ಟರ್ ಮನ್ರೋ, ಮೈಸೂರಿನ ವಿರುದ್ಧ ಕಾದಾಡಿದ ಸೇನಾನಿ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ಸೇನಾಧಿಕಾರಿ ಬೇಯ್ಲಿಯ ಪಡೆ ನಾಶವಾದಾಗ ನೆರವಿಗೆ ಹೋಗಲಾರದೆ, ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದರಾಸಿಗೆ ಹಿಂದಿರುಗಿದವನು ಇವನೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ ಇವತ್ತಿಗೂ ಕಾಣುವುದು ಆ ಪೊಳ್ಳಿಲೂರಿನ ಕಾಳಗ.

ಹೆಕ್ಟರ್ ಮನ್ರೋನ ಮಗ ಸತ್ತ ಸುದ್ದಿ ಕೇಳಿ ಟಿಪ್ಪು ತನ್ನ ಮರದ ಹುಲಿಯನ್ನು ಮಾಡಿಸಿದ ಎಂಬ ಮಾತು ಬಹುಕಾಲದಿಂದ ಇದೆ. ಕೇಳಲು ಚೆನ್ನಾಗಿದ್ದರೂ ಅದನ್ನು ಹಾಗೆಯೇ ಒಪ್ಪಲು ಬರುವುದಿಲ್ಲ. ಟಿಪ್ಪುವಿಗೆಂದು 1787–88ರಲ್ಲಿ ತಯಾರಾದ ಒಂದು ಬಂದೂಕಿನ ಬೆಳ್ಳಿಯ ಕಟ್ಟಿನಲ್ಲಿ ಇಂಥದೇ ದೃಶ್ಯವಿದೆ. ಎಂದರೆ ಮನ್ರೋ ಸಾಯುವ ಐದು ವರ್ಷ ಮೊದಲೇ ಹುಲಿ ಮತ್ತು ಬಿಳಿಯನ ಚಿತ್ರ ಮೈಸೂರಿನಲ್ಲಿ ರೂಢಿಯಲ್ಲಿತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಆ ಮರದ ಹುಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ನೋಟಕ್ಕೆ ಕೂತಿತು. ನೋಡಲು ಬಂದವರು ಹಿಡಿಕೆ ತಿರುಗಿಸಿ, ಮನುಷ್ಯನ ನರಳಾಟವನ್ನೂ ಹುಲಿಯ ಗುರುಗುಟ್ಟುವಿಕೆಯನ್ನೂ ಕೇಳಿ ಹೋಗುತ್ತಿದ್ದರು. ಕವಿ ಕೀಟ್ಸ್ ಕೂಡ ತನ್ನ ಒಂದು ಕಾವ್ಯದಲ್ಲಿ ಇದರ ಮಾತೆತ್ತಿದ್ದಾನೆ.

ಈ ಸದ್ದು ಕೇಳಿಬಂದ ಕಾಲದಲ್ಲಿ ಸ್ಟಾಫರ್ಡ್‌ಶೈರ್‌ನ ಕುಂಬಾರರು ಏನು ಮಾಡುತ್ತಿದ್ದರು?

ಬರ್ಸ್ಲೆಮ್, ಹ್ಯಾನ್ಲಿ, ಟನ್‌ಸ್ಟಲ್, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪಟ್ಟಣಗಳ ಸಾಲಿಗೆ ಜನರಿಟ್ಟ ಹೆಸರೇ 'ದ ಪಾಟರೀಸ್'. 1910ರಲ್ಲಿ ಅವೆಲ್ಲ ಸೇರಿ ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ಆಡಳಿತಕ್ಕೆ ಬಂದವು. ನೆಲದಡಿಯಲ್ಲಿ ಮಣ್ಣು, ಅದರ ಮಗ್ಗುಲಲ್ಲೇ ಕಲ್ಲಿದ್ದಲು. ಸುಡುವ ಕಸುಬಿಗೆ ಇನ್ನೇನು ಬೇಕು? ಬಿಳಿಯ ಜೇಡಿಮಣ್ಣು ಮಾತ್ರ ಡೆವನ್, ಡಾರ್ಸೆಟ್‌ಗಳಿಂದ ಬರಬೇಕಿತ್ತು. ಕೆಟ್ಟ ರಸ್ತೆಗಳಲ್ಲಿ ಹೇರಿ ಕಳಿಸಿದ ಪಾತ್ರೆಗಳು ದಾರಿಯಲ್ಲೇ ಒಡೆಯುತ್ತಿದ್ದವು. 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಗುದ್ದಲಿ ಹಾಕಿದವನು ಜೊಸಾಯ ವೆಜ್‌ವುಡ್. 1777ರಲ್ಲಿ ಕೆಲಸ ಮುಗಿದಾಗ ಪಾಟರೀಸಿಗೆ ಸಮುದ್ರದ ಬಾಗಿಲು ತೆರೆಯಿತು.

ಅತ್ತ ಪಿಂಗಾಣಿಯದು ಬೇರೆಯೇ ಕಥೆ. 1710ರಲ್ಲಿ ಜರ್ಮನಿಯ ಮೈಸನ್‌ನಲ್ಲಿ ಕಾರ್ಖಾನೆ ಆರಂಭವಾದಾಗ ಅದಕ್ಕೆ ರಾಜನ ಬೆಂಬಲವಿತ್ತು. ಇಂಗ್ಲೆಂಡಿನಲ್ಲಿ ಈ ಸಾಹಸಕ್ಕೆ ಕೈಹಾಕಿದವರು ಖಾಸಗಿ ಜನ. ಬೌ ಕಾರ್ಖಾನೆಗೆ 1744ರಲ್ಲಿ ಮೊದಲ ಪೇಟೆಂಟ್ ಸಿಕ್ಕಿತು. ಅಲ್ಲಿನ ಥಾಮಸ್ ಫ್ರೈ ಮೂಳೆಯ ಬೂದಿಯನ್ನು ಮಣ್ಣಿಗೆ ಬೆರೆಸಿದ. ಬೆಳ್ಳಿಯ ಕುಸುರಿಗಾರ ನಿಕೊಲಸ್ ಸ್ಪ್ರಿಮಾಂಟ್ ಚೆಲ್ಸಿಯಲ್ಲಿ ಶ್ರೀಮಂತರಿಗೆಂದೇ ಪಾತ್ರೆ, ಬೊಂಬೆ ಮಾಡಿಸಿದ. 1751ರಲ್ಲಿ ವೂಸ್ಟರ್ ಶುರುವಾಯಿತು. ಅಲ್ಲಿನ ಮಣ್ಣಿಗೆ ಬಳಪದ ಕಲ್ಲು ಸೇರಿದ್ದರಿಂದ ಕುದಿನೀರಿಗೂ ಪಾತ್ರೆ ಬಿರಿಯುತ್ತಿರಲಿಲ್ಲ, ಚಹಾ ಕುಡಿಯುವವರು ಅದನ್ನೇ ಬಯಸಿದರು. ಶತಮಾನದ ಕೊನೆಗೆ ಸ್ಟೋಕ್‌ನ ಸ್ಪೋಡ್ ಮನೆತನ ಮೂಳೆ ಬೂದಿಯ ಹದವನ್ನು ನೆಲೆಗೊಳಿಸಿತು. ಇವತ್ತು ನಾವು 'ಬೋನ್ ಚೈನಾ' ಎನ್ನುವುದು ಅದೇ.

ಸಾಮಾನ್ಯರ ಮನೆಗೆ ಇವು ಯಾವುವೂ ಬರಲಿಲ್ಲ. ವೆಜ್‌ವುಡ್‌ನ ಕೆನೆಬಣ್ಣದ ಮಣ್ಣಿನ ಪಾತ್ರೆ 1765ರಲ್ಲಿ ರಾಣಿ ಶಾರ್ಲಟ್‌ಳ ಮೇಜು ಸೇರಿ 'ಕ್ವೀನ್ಸ್ ವೇರ್' ಎನಿಸಿಕೊಂಡಿತು. ರಷ್ಯದ ಕ್ಯಾಥರೀನ್‌ಗಾಗಿ 1773–74ರಲ್ಲಿ ಅವನು ಒಪ್ಪಿಸಿದ ಊಟದ ಸೆಟ್ಟಿನಲ್ಲಿ 952 ಪಾತ್ರೆಗಳೂ ಬ್ರಿಟನ್ನಿನ 1,222 ನೋಟಗಳೂ ಇದ್ದವು. ಆದರೆ ಬರ್ಸ್ಲೆಮ್‌ನ ಓಣಿಗಳಲ್ಲಿದ್ದ ಸಣ್ಣ ಕಾರ್ಖಾನೆಗಳ ಗಿರಾಕಿಗಳು ಗಣಿಯವರು, ನೇಕಾರರು, ಸಂತೆಗೆ ಬರುವ ರೈತರು. ಅವರ ಅಗ್ಗಿಷ್ಟಿಕೆಯ ಮೇಲಿನ ಹಲಗೆಗೆ ಬೇಕಾದದ್ದು ಬಣ್ಣ, ಮತ್ತು ತಮಗೆ ಗೊತ್ತಿರುವ ಒಂದು ಕಥೆ.

ಬೊಂಬೆ ತಯಾರಾಗುತ್ತಿದ್ದ ಬಗೆ ಸರಳ, ಆದರೆ ಕೈ ಪಳಗಿರಬೇಕು. ಮಣ್ಣನ್ನು ರೊಟ್ಟಿಯಂತೆ ತಟ್ಟಿ, ಎರಡು ಹೋಳಾಗಿ ಮಾಡಿದ ಗಚ್ಚಿನ ಅಚ್ಚುಗಳೊಳಕ್ಕೆ ಬೆರಳಿನಿಂದ ಒತ್ತುತ್ತಿದ್ದರು. ಅಚ್ಚು ನೀರು ಹೀರಿದ ಮೇಲೆ ಹೋಳುಗಳನ್ನು ತೆಳು ಕೆಸರಿನಿಂದ ಅಂಟಿಸಿ, ಕೈಕಾಲು, ಬಾಲ, ಬೆನ್ನ ಹಿಂದಿನ ಗಿಡ ಎಲ್ಲವನ್ನೂ ಬೇರೆಬೇರೆಯಾಗಿ ಜೋಡಿಸುತ್ತಿದ್ದರು. ಒಳಗಿನ ಬಿಸಿಗಾಳಿ ಹೊರಹೋಗಲು ಪುಟ್ಟ ತೂತು. ಬಾಟಲಿಯಾಕಾರದ ಆವಿಗೆಯಲ್ಲಿ ಒಮ್ಮೆ ಸುಟ್ಟು, ಸೀಸದ ಮೆರುಗಿನಲ್ಲಿ ಅದ್ದಿ ಮತ್ತೆ ಸುಟ್ಟು, ಕುಂಚದಿಂದ ಬಣ್ಣ ಕೊಟ್ಟು ಸಣ್ಣ ಉರಿಯಲ್ಲಿ ಮೂರನೆಯ ಸಲ ಸುಡುತ್ತಿದ್ದರು.

ಈ ಕೆಲಸದ ಬೆಲೆಯನ್ನು ಮೈಯಲ್ಲಿ ತೆತ್ತವರೂ ಇದ್ದರು. ಕಲ್ಲುಪುಡಿಯ ಧೂಳು ಶ್ವಾಸಕೋಶ ತಿಂದಿತು, ಮೆರುಗಿನ ಸೀಸ ನರಗಳನ್ನು ತಿಂದಿತು. ಪಾಟರೀಸಿನ ಮಕ್ಕಳ ದುಡಿಮೆಯ ಬಗ್ಗೆ ಸ್ಯಾಮ್ಯುಯೆಲ್ ಸ್ಕ್ರಿವನ್ 1841ರಲ್ಲಿ ಸರ್ಕಾರಿ ಆಯೋಗಕ್ಕೆ ವರದಿ ಒಪ್ಪಿಸಿದ. ಟನ್‌ಸ್ಟಲ್‌ನ ಚಾರ್ಲ್ಸ್ ಶಾ ಏಳನೆಯ ವಯಸ್ಸಿಗೇ ಅಚ್ಚು ಹೊರುವ ಹುಡುಗನಾಗಿ ಕೆಲಸಕ್ಕೆ ಸೇರಿದವನು. ಕುಂಬಾರನ ಕೈಯಿಂದ ಹಸಿ ತಟ್ಟೆಯ ಅಚ್ಚನ್ನು ತೆಗೆದುಕೊಂಡು ಕಾದ ಒಲೆಕೋಣೆಗೆ ಓಡುವುದು, ಮತ್ತೆ ಓಡಿ ಬರುವುದು, ದಿನವಿಡೀ ಇದೇ. ಅವನ ನೆನಪುಗಳು 1903ರಲ್ಲಿ ಪುಸ್ತಕವಾದವು. ಗಾಜಿನ ಕಪಾಟಿನಲ್ಲಿ ಹೊಳೆಯುವ ಒಂದೊಂದು ಬೊಂಬೆಯ ಜೊತೆ ಈ ಮಕ್ಕಳ ಕಾಲಿನ ಓಟವನ್ನೂ ನೆನೆಯದೆ ಅದರ ಚರಿತ್ರೆ ಬರೆಯುವುದು ಅನ್ಯಾಯ.

ಭಾರತ ಇಂಗ್ಲಿಷರ ಊಟದ ತಟ್ಟೆಗೂ ಇಳಿಯಿತು. ಬಂಗಾಳದ ಸೇನೆಯಲ್ಲಿದ್ದ ಥಾಮಸ್ ವಿಲಿಯಮ್ಸನ್‌ನ 'ಓರಿಯಂಟಲ್ ಫೀಲ್ಡ್ ಸ್ಪೋರ್ಟ್ಸ್' ಪುಸ್ತಕದ ಬೇಟೆಯ ಚಿತ್ರಗಳನ್ನು ಸ್ಪೋಡ್ ಕಾರ್ಖಾನೆ 1810ರ ದಶಕದಲ್ಲಿ ನೀಲಿ ಬಣ್ಣದಲ್ಲಿ ಪಾತ್ರೆಗಳ ಮೇಲೆ ಅಚ್ಚೊತ್ತಿತು. ಊಟದ ತಟ್ಟೆಯ ಮೇಲೆ ಕರಡಿಯ ಸಾವು. ಬೇರೆ ಅಳತೆಯ ಪಾತ್ರೆಗಳಿಗೆ ಬೇರೆ ಬೇಟೆ. ಡೇನಿಯಲ್ ಬಂಧುಗಳ 'ಓರಿಯಂಟಲ್ ಸೀನರಿ'ಯಿಂದ ದೆಹಲಿಯ ಫಿರೋಜ್ ಷಾ ಕೋಟ್ಲಾದ ಬಳಿಯ ಒಂದು ಪಾಳು ಕಟ್ಟಡವನ್ನು ರೋಜರ್ಸ್ ಕಾರ್ಖಾನೆ ಎತ್ತಿಕೊಂಡಿತು. ಸಂಗ್ರಾಹಕರು ಅದನ್ನು 'ಮೊನಾಪ್ಟೆರಸ್' ಮಾದರಿ ಎನ್ನುತ್ತಾರೆ. 1842ರ ಹಕ್ಕುಸ್ವಾಮ್ಯ ಕಾಯಿದೆ ಬಂದ ಮೇಲೆ ಪುಸ್ತಕದ ಚಿತ್ರಗಳನ್ನು ಹೀಗೆ ಎತ್ತುವುದು ಕಷ್ಟವಾಯಿತು.

ಇವನ್ನೆಲ್ಲ ಚರಿತ್ರೆಯ ಸಾಮಗ್ರಿ ಎಂದು ಮೊದಲು ಕಂಡವರು ಯಾರು? ಎರಡು ಹೆಸರುಗಳನ್ನು ಇಲ್ಲಿ ಗೌರವದಿಂದ ಹೇಳಬೇಕು.

ಮೊದಲನೆಯವಳು ಲೇಡಿ ಷಾರ್ಲಟ್ ಶ್ರೈಬರ್ (1812–1895). ವೇಲ್ಸ್‌ನ ಹಳೆಯ ಕಥೆಗಳಾದ 'ಮ್ಯಾಬಿನೋಗಿಯನ್' ಅನ್ನು ಇಂಗ್ಲಿಷಿಗೆ ತಂದವಳು, ಮೊದಲ ಗಂಡ ತೀರಿಕೊಂಡಾಗ ಡೌಲೈಸ್‌ನ ಕಬ್ಬಿಣದ ಕಾರ್ಖಾನೆ ನಡೆಸಿದವಳು. ಎರಡನೆಯ ಗಂಡ ಚಾರ್ಲ್ಸ್ ಶ್ರೈಬರ್ ಜೊತೆ 1860ರ ದಶಕದಿಂದ ಯೂರೋಪಿನ ಊರೂರು ಅಲೆದು, ಹಳೆ ಸಾಮಾನಿನ ಅಂಗಡಿಗಳ ಮೂಲೆಗಳನ್ನು ಜಾಲಾಡಿ ಇಂಗ್ಲಿಷ್ ಪಿಂಗಾಣಿ ಕೂಡಿಹಾಕಿದಳು. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡೆ ಎಂದು ದಿನಚರಿಯಲ್ಲಿ ಬರೆದಿಟ್ಟಳು. 1884ರಲ್ಲಿ ಗಂಡ ತೀರಿಕೊಂಡಾಗ ಅವನ ನೆನಪಿಗೆ ಇಡೀ ಇಂಗ್ಲಿಷ್ ಸಂಗ್ರಹವನ್ನು ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿಗೆ ಕೊಟ್ಟಳು. ಇಂದಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದೇ. ಅದಕ್ಕೆ ಕೆಲವೇ ವರ್ಷ ಮೊದಲು, 1880ರ ಹೊತ್ತಿಗೆ, ಟಿಪ್ಪುವಿನ ಹುಲಿಯೂ ಅದೇ ಮ್ಯೂಸಿಯಮ್ಮಿಗೆ ಬಂದು ಸೇರಿತ್ತು.

ಎರಡನೆಯವನು ಬ್ರೈಟನ್‌ನ ಹೆನ್ರಿ ವಿಲೆಟ್ (1823–1905). ಶ್ರೈಬರ್ ದಂಪತಿಗಳ ಕಣ್ಣು ಮಣ್ಣಿನ ನಯ, ಕಾರ್ಖಾನೆಯ ಗುರುತುಗಳ ಮೇಲಿದ್ದರೆ ವಿಲೆಟ್ ಕೇಳಿದ್ದು ಬೇರೆ ಪ್ರಶ್ನೆ: ಈ ಪಾತ್ರೆ ಯಾವ ಘಟನೆಯನ್ನು ಹೇಳುತ್ತಿದೆ? ರಾಜಮನೆತನ, ಯೋಧರು, ನೌಕಾವೀರರು, ಅಪರಾಧ, ಧರ್ಮ, ನಾಟಕ, ಬೇಟೆ ಎಂದು ವಿಷಯವಾರು ವಿಂಗಡಿಸಿದ ಅವನ ಸಂಗ್ರಹ 1899ರಲ್ಲಿ ಬೆತ್ನಲ್ ಗ್ರೀನ್‌ನಲ್ಲಿ ಪ್ರದರ್ಶನವಾಯಿತು, 1903ರಲ್ಲಿ ಬ್ರೈಟನ್ ಮ್ಯೂಸಿಯಮ್ಮಿಗೆ ಸೇರಿತು. ಬಡವರ ಅಗ್ಗಿಷ್ಟಿಕೆಯ ಮೇಲಿದ್ದದ್ದೂ ಚರಿತ್ರೆಯ ದಾಖಲೆ ಎಂಬ ನೋಟಕ್ಕೆ ಹೀಗೆ ಒಂದು ಮನೆ ಸಿಕ್ಕಿತು.

ಆಮೇಲೆ ವಿದ್ವತ್ತು ಬೆಳೆಯಿತು. 1927ರಲ್ಲಿ ಆಸಕ್ತರ ಕೂಟವೊಂದು ಹುಟ್ಟಿ ಕೆಲವೇ ವರ್ಷಗಳಲ್ಲಿ 'ಇಂಗ್ಲಿಷ್ ಸೆರಾಮಿಕ್ ಸರ್ಕಲ್' ಆಯಿತು. ಗಾರ್ಡನ್ ಪ್ಯೂ 1970ರಲ್ಲಿ ವಿಕ್ಟೋರಿಯ ಕಾಲದ ವ್ಯಕ್ತಿಬೊಂಬೆಗಳನ್ನು ಪಟ್ಟಿಮಾಡಿದ. ಜೆಫ್ರಿ ಗಾಡನ್‌ನ ಮುದ್ರೆಗಳ ವಿಶ್ವಕೋಶ (1964) ಇವತ್ತಿಗೂ ಸಂಗ್ರಾಹಕನ ಕೈಪಿಡಿ. ವಜ್ರಾಕಾರದ ನೋಂದಣಿ ಮುದ್ರೆ ಇದ್ದರೆ ಆ ವಿನ್ಯಾಸ 1842 ಮತ್ತು 1883ರ ನಡುವೆ ನೋಂದಣಿಯಾದದ್ದು. 'ಇಂಗ್ಲೆಂಡ್' ಎಂಬ ಪದವಿದ್ದರೆ ಸಾಮಾನ್ಯವಾಗಿ 1891ರ ಈಚಿನದು, ಏಕೆಂದರೆ ಅಮೆರಿಕದ ಸುಂಕದ ಕಾನೂನು ದೇಶದ ಹೆಸರನ್ನು ಕೇಳಿತು. ಚೆಲ್ಸಿಯ ಮುದ್ರೆಯಾದ ಕೆಂಪು ಲಂಗರು ಅಕ್ಕಿಕಾಳಿನಷ್ಟೇ ಚಿಕ್ಕದು. ಎದ್ದು ಕಾಣುವಷ್ಟು ದೊಡ್ಡ ಲಂಗರು ಕಂಡರೆ ಪ್ಯಾರಿಸಿನ ಸ್ಯಾಮ್ಸನ್ ಕಂಪನಿಯ ನಕಲುಗಳು ಅನುಭವಿಗೆ ನೆನಪಾಗುತ್ತವೆ.

ಸ್ಟಾಫರ್ಡ್‌ಶೈರ್ ಬೊಂಬೆಗಳ ಮೇಲೆ ಬಹುಪಾಲು ಯಾವ ಮುದ್ರೆಯೂ ಇರುವುದಿಲ್ಲ. ಆದ್ದರಿಂದ ಬೊಂಬೆಯನ್ನು ತಿರುಗಿಸಿಯೇ ನೋಡಬೇಕು. ಒಳಗೆ ಬೆರಳು ಒತ್ತಿದ ಏರುತಗ್ಗು, ಕೈಗೆ ಸಿಗುವ ತೂಕ, ಚಿಕ್ಕ ತೂತು ಇದ್ದರೆ ಹಳೆಯ ಒತ್ತಚ್ಚಿನ ಲಕ್ಷಣ. ಹಗುರ ಮೈ, ತಳದಲ್ಲಿ ದೊಡ್ಡ ತೂತು ಇದ್ದರೆ ಕೆಸರನ್ನು ಅಚ್ಚಿಗೆ ಸುರಿದು ಮಾಡಿದ ಈಚಿನ ನಕಲು. ಮನ್ರೋ ಬೊಂಬೆಯನ್ನು ಬರ್ಸ್ಲೆಮ್‌ನ ಕುಂಬಾರ ಒಬಡಾಯ ಶೆರಟ್‌ನ ಹೆಸರಿಗೆ ಹಚ್ಚುವ ವಾಡಿಕೆ ಇದೆ. ಅದಕ್ಕೆ ಆಧಾರ ಪೀಠದ ಕಾಲುಗಳ ಆಕಾರ, ಬಣ್ಣದ ಓಟಗಳಂಥ ಶೈಲಿಯ ಹೋಲಿಕೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಈ ಬೊಂಬೆ ಏನು ಹೇಳುತ್ತದೆ? ಟಿಪ್ಪುವಿನ ಹುಲಿ ಮನ್ರೋನ ಸಾವಿನಿಂದ ಹುಟ್ಟಿತೆಂದು ಇದನ್ನು ತೋರಿಸಿ ವಾದಿಸಲಾಗದು. ಇದು ಆ ಸಾವಿಗಿಂತ ಸುಮಾರು ಮೂರು ದಶಕ ಈಚಿನದು. ಆ ಮೂವತ್ತು ವರ್ಷಗಳಲ್ಲಿ ನಡೆದದ್ದೇ ಮುಖ್ಯ. ರಾಬರ್ಟ್ ಕರ್ ಪೋರ್ಟರ್ 1800ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ದೈತ್ಯ ಚಿತ್ರವನ್ನು ಲಂಡನ್ನಿನಲ್ಲಿ ತೋರಿಸಿದ. ಆಸ್ಟ್ಲಿಯ ಸರ್ಕಸ್ ರಂಗದಲ್ಲಿ ಟಿಪ್ಪುವಿನ ಕಥೆ ಕುದುರೆಗಳ ಸಮೇತ ನಡೆಯಿತು. ಪೊಲಿಟೊ, ವೊಂಬ್‌ವೆಲ್‌ರ ಸಂಚಾರಿ ಮೃಗಾಲಯಗಳು ಜೀವಂತ ಹುಲಿಗಳನ್ನು ಹಳ್ಳಿಯ ಜಾತ್ರೆಗಳಿಗೆ ಕೊಂಡೊಯ್ದವು. ಪೊಲಿಟೊನ ಮೃಗಾಲಯವೇ ಒಂದು ಬೊಂಬೆಯಾಯಿತು. ಇವೆಲ್ಲದರ ನಡುವೆ ಲೆಡನ್‌ಹಾಲ್ ಬೀದಿಯಲ್ಲಿ ಮೈಸೂರಿನ ಮರದ ಹುಲಿ ದಿನವೂ ಗುರುಗುಟ್ಟುತ್ತಿತ್ತು. ಅಂಗಾತ ಬಿದ್ದ ಮನುಷ್ಯ, ಮೇಲೆ ನಿಂತ ಮೃಗ ಎಂಬ ಜೋಡಣೆ ಆ ಯಂತ್ರವನ್ನು ಹೋಲುತ್ತದೆ. ಬಾಯೊಳಗೆ ಸಿಕ್ಕ ತಲೆ 1793ರ ಪತ್ರದ ವರ್ಣನೆಗೆ ಹೊಂದುತ್ತದೆ. ಶ್ರೀರಂಗಪಟ್ಟಣದಲ್ಲಿ ಗೆಲುವಿನ ಗುರುತಾಗಿದ್ದ ಚಿತ್ರ ಬರ್ಸ್ಲೆಮ್‌ಗೆ ಬರುವ ಹೊತ್ತಿಗೆ ಒಬ್ಬ ತಂದೆ ಮಗನನ್ನು ಕಳೆದುಕೊಂಡ ಕಥೆಯಾಗಿ ಬದಲಾಗಿತ್ತು.

ಪೀಠದ ಮೇಲೆ ಟಿಪ್ಪುವಿನ ಹೆಸರಿಲ್ಲ, ಮೈಸೂರಿನ ಹೆಸರೂ ಇಲ್ಲ. ಇರುವುದು ಒಂದಕ್ಷರ ಹೆಚ್ಚಾದ ಮನ್ರೋನ ಹೆಸರು, ಮತ್ತು ಹಲ್ಲು ಬಿಟ್ಟ ಆ ಹುಲಿ.