ಕತ್ತಲಿನಲ್ಲಿ ಅಡಗಿದ್ದ ಬೆಳಕು: ನೀಹಾರಿಕೆಗಳ ಛಾಯಾಗ್ರಹಣದ ಚರಿತ್ರೆ

ಆಕಾಶವನ್ನು ಕುರಿತ ಮನುಷ್ಯನ ತಿಳಿವಳಿಕೆ ದೊಡ್ಡ ದೊಡ್ಡ ದೂರದರ್ಶಕಗಳಿಂದಲೇ ಬೆಳೆಯಿತೆಂಬುದು ಸಾಮಾನ್ಯ ನಂಬಿಕೆ. ಬಂದ ಬೆಳಕಿನಲ್ಲಿ ಬೇಕಾದುದನ್ನು ಆರಿಸಿಕೊಂಡು ಬೇಡವಾದುದನ್ನು ತಡೆಯುವ ವಿದ್ಯೆಯೂ ಅದಕ್ಕೆ ಅಷ್ಟೇ ಕಾರಣವಾಗಿದೆ. ನೀಹಾರಿಕೆಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ನೀಹಾರಿಕೆಯೆಂದರೆ ಏನು ಎಂಬುದೇ ವಿವಾದದ ವಿಷಯವಾಗಿತ್ತು. ಮಂಜಿನ ತೇಪೆಗಳಂತಿದ್ದ ಕೆಲವು, ದೊಡ್ಡ ದೂರದರ್ಶಕದಲ್ಲಿ ಬಿಡಿಬಿಡಿ ನಕ್ಷತ್ರಗಳಾಗಿ ಕಂಡಿದ್ದವು. ಉಳಿದವೂ ಹಾಗೆಯೇ ಇರಬಹುದೆಂದು ಹಲವರು ಊಹಿಸಿದ್ದರು. ಮನೆತನದ ಬಟ್ಟೆ ವ್ಯಾಪಾರವನ್ನು ಬಿಟ್ಟು, ಲಂಡನ್ನಿನ ಟಲ್ಸ್ ಹಿಲ್‌ನ ತಮ್ಮ ಮನೆಯಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ ವಿಲಿಯಂ ಹಗ್ಗಿನ್ಸ್ ಅವರು 1864ರ ಆಗಸ್ಟ್ 29ರ ರಾತ್ರಿ ಡ್ರೇಕೋ ರಾಶಿಯ ಒಂದು ನೀಹಾರಿಕೆಯ ಕಡೆಗೆ ರೋಹಿತದರ್ಶಕವನ್ನು ತಿರುಗಿಸಿದರು. ನಕ್ಷತ್ರಗಳಲ್ಲಿರುವಂತೆ ಬಣ್ಣಗಳ ಉದ್ದನೆಯ ಪಟ್ಟಿ ಅಲ್ಲಿರಲಿಲ್ಲ. ಕಂಡದ್ದು ಬಿಡಿ ಗೆರೆಗಳ ಹೊಳಪು. ಅಡುಗೆ ಉಪ್ಪನ್ನು ಜ್ವಾಲೆಗೆ ಹಿಡಿದಾಗ ಹಳದಿ ಬಣ್ಣ ಹೊಮ್ಮುವುದನ್ನು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನೋಡಿದ ನನ್ನ ವಿದ್ಯಾರ್ಥಿಗಳಿಗೆ ಇದರ ಅರ್ಥ ಹೊಳೆದಿರಬೇಕು. ಅದು ನಕ್ಷತ್ರಗಳ ಗುಂಪಲ್ಲ, ಬೆಳಗುತ್ತಿರುವ ಅನಿಲ.

ಆದರೆ ಆ ಗೆರೆಗಳಲ್ಲಿ ಅತ್ಯಂತ ಉಜ್ವಲವಾದ ಹಸಿರು ಗೆರೆ ಭೂಮಿಯ ಯಾವ ಧಾತುವಿನ ಗೆರೆಗೂ ಹೊಂದಲಿಲ್ಲ. ಅದಕ್ಕೆ ಕಾರಣವಾದ ಅಜ್ಞಾತ ಧಾತುವಿಗೆ ಮುಂದೆ 'ನೆಬ್ಯುಲಿಯಂ' ಎಂಬ ಹೆಸರೂ ಬಂದಿತು. ಈ ನಂಬಿಕೆಯನ್ನು ಇಂದು ನಗೆಯ ವಸ್ತುವಾಗಿಸುವುದು ನ್ಯಾಯವಲ್ಲ. 1868ರಲ್ಲಿ ಸೂರ್ಯನ ರೋಹಿತದಲ್ಲಿ ಕಂಡ ಹೀಲಿಯಂ, 1895ರಲ್ಲಿ ವಿಲಿಯಂ ರಾಮ್ಸೆ ಅವರ ಕೈಯಲ್ಲಿ ಭೂಮಿಯಲ್ಲೇ ದೊರೆತಿತ್ತಲ್ಲವೇ? ನೆಬ್ಯುಲಿಯಂ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅರುವತ್ತಮೂರು ವರ್ಷಗಳ ಬಳಿಕ, 1927ರಲ್ಲಿ, ಅಮೆರಿಕದ ಐರಾ ಬೋವೆನ್ ಅವರು ಒಗಟನ್ನು ಬಿಡಿಸಿದರು. ಆ ಬೆಳಕು ನಾವು ನಿತ್ಯ ಉಸಿರಾಡುವ ಆಮ್ಲಜನಕದ್ದೇ! ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಪರಮಾಣು ಈ ಹಸಿರು ಬೆಳಕನ್ನು ಸೂಸಲು ಬಹಳ ನಿಧಾನ ಮಾಡುತ್ತದೆ. ಪ್ರಯೋಗಾಲಯದ ಅನಿಲದಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ನೀಹಾರಿಕೆಯ ಅತಿ ವಿರಳವಾದ ಅನಿಲದಲ್ಲಿ ಮಾತ್ರ ಅದಕ್ಕೆ ಬೇಕಾದ ಬಿಡುವು ಸಿಗುತ್ತದೆ.

ಈ ನಡುವೆ ಛಾಯಾಗ್ರಹಣವೂ ಬಂದಿತ್ತು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಅವರು ಐವತ್ತೊಂದು ನಿಮಿಷ ಬೆಳಕು ಬೀಳಿಸಿ ಒರೈಯನ್ ನೀಹಾರಿಕೆಯ ಮೊದಲ ಚಿತ್ರವನ್ನು ಪಡೆದರು. ಕಣ್ಣಿಗೆ ಇಲ್ಲದ ಒಂದು ಗುಣ ಫಲಕಕ್ಕಿದೆ. ಅದು ಬೆಳಕನ್ನು ಹನಿಹನಿಯಾಗಿ ಕೂಡಿಡಬಲ್ಲದು. 1959ರಲ್ಲಿ ಸ್ಟೀವರ್ಟ್ ಶಾರ್ಪ್‌ಲೆಸ್ ಅವರು ಪಾಲೊಮಾರ್ ಫಲಕಗಳನ್ನು ಪರಿಶೀಲಿಸಿ 313 ನೀಹಾರಿಕೆಗಳ ಪಟ್ಟಿಯನ್ನು ಪ್ರಕಟಿಸಿದರು. ಅವುಗಳಲ್ಲಿ ಅನೇಕವು ಬರಿಗಣ್ಣಿಗೆ ಎಂದೂ ಕಾಣದಷ್ಟು ಮಂಕಾದವು.

ಬೆಳಕನ್ನು ಎಷ್ಟು ಹೊತ್ತು ಕೂಡಿಟ್ಟರೂ ಒಂದು ತೊಡಕು ಉಳಿಯುತ್ತದೆ. ನೀಹಾರಿಕೆಯ ಬೆಳಕಿನ ಜೊತೆಗೆ ಆಕಾಶದ ಹಿನ್ನೆಲೆಯ ಬೆಳಕೂ, ನಗರದ ದೀಪಗಳ ಬೆಳಕೂ ಕೂಡಿಬರುತ್ತವೆ. ಕಿರಿದಾದ ಪಟ್ಟಿಯ ಫಿಲ್ಟರುಗಳ ಉಪಯೋಗ ಇಲ್ಲಿಯೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಹರಹು ಸುಮಾರು 300 ನ್ಯಾನೋಮೀಟರ್. ಜಲಜನಕದ ಕೆಂಪು ಗೆರೆ 656.3ರಲ್ಲಿ, ಆಮ್ಲಜನಕದ ಹಸಿರು ಗೆರೆ 500.7ರಲ್ಲಿ, ಗಂಧಕದ ಜೋಡಿ ಗೆರೆಗಳು 672ರ ಆಸುಪಾಸಿನಲ್ಲಿವೆ. ಕೇವಲ 3 ನ್ಯಾನೋಮೀಟರ್ ಅಗಲದ ಕಿಂಡಿಯನ್ನು ಗೆರೆಯ ಸ್ಥಾನದಲ್ಲಿ ತೆರೆದಿಟ್ಟರೆ, ನೀಹಾರಿಕೆಯ ಆ ಗೆರೆಯ ಬೆಳಕು ಬಹುತೇಕ ಪೂರ್ತಿ ಒಳಬರುತ್ತದೆ. ಎಲ್ಲ ಬಣ್ಣಗಳಲ್ಲಿ ಹರಡಿರುವ ಹಿನ್ನೆಲೆಯ ಬೆಳಕು ಹೆಚ್ಚು ಕಡಿಮೆ ನೂರರಲ್ಲಿ ಒಂದು ಪಾಲು ಮಾತ್ರ. ಸಾಬೂನಿನ ಗುಳ್ಳೆಗೆ ಬಣ್ಣ ಕೊಡುವ ತತ್ತ್ವವನ್ನೇ ಬಳಸಿ, ಗಾಜಿನ ಮೇಲೆ ಅತಿ ತೆಳುವಾದ ಪದರಗಳನ್ನು ಲೇಪಿಸಿ ಇವನ್ನು ತಯಾರಿಸುತ್ತಾರೆ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ 'ಸೃಷ್ಟಿಯ ಸ್ತಂಭಗಳು' ಎಂಬ ಪ್ರಸಿದ್ಧ ಚಿತ್ರ ಈ ಮೂರು ಧಾತುಗಳ ಬೆಳಕಿನಿಂದಲೇ ರಚಿತವಾದದ್ದು.

ಇಂಥ ಫಿಲ್ಟರುಗಳು ಹವ್ಯಾಸಿಗಳ ಕೈಗೂ ಬಂದುದರ ಫಲ 2022ರಲ್ಲಿ ಕಂಡಿತು. ಫ್ರಾನ್ಸಿನ ಯಾನ್ ಸೈಂಟಿ ಎಂಬ ಹವ್ಯಾಸಿ 106 ಮಿಲಿಮೀಟರ್ ವ್ಯಾಸದ ಸಣ್ಣ ದೂರದರ್ಶಕದಿಂದ ದೇವಯಾನಿ ಗೆಲಕ್ಸಿಯನ್ನು ಚಿತ್ರಿಸುತ್ತಿದ್ದರು. ಆಮ್ಲಜನಕದ ಫಿಲ್ಟರಿನಲ್ಲಿ, ಗೆಲಕ್ಸಿಯ ಮಗ್ಗುಲಲ್ಲಿ, ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದದ ಕಮಾನೊಂದು ಮಂಕಾಗಿ ಮೂಡಿತು. ಮಾರ್ಸೆಲ್ ಡ್ರೆಕ್ಸ್‌ಲರ್, ಜೇವಿಯರ್ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳೂ ವೃತ್ತಿಪರ ವಿಜ್ಞಾನಿಗಳೂ ಕೂಡಿ, ಬೇರೆ ಉಪಕರಣಗಳಿಂದ ಪರೀಕ್ಷಿಸಿ, 2023ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಅದು ದೇವಯಾನಿಯ ಬಳಿ ಇದೆಯೋ, ನಮ್ಮ ಆಕಾಶಗಂಗೆಯಲ್ಲೇ ಇದ್ದು ಅದೇ ದಿಕ್ಕಿನಲ್ಲಿ ಕಾಣುತ್ತಿದೆಯೋ ಎಂಬ ಚರ್ಚೆ ಕೂಡಲೇ ಎದ್ದಿತು. ನಂತರದ ಅಧ್ಯಯನಗಳು ಎರಡನೆಯ ಪಕ್ಷವನ್ನೇ ಎತ್ತಿಹಿಡಿದಿವೆ.

ನೂರಾರು ವರ್ಷಗಳಿಂದ ನೋಡುತ್ತ ಬಂದ, ಅತಿ ಹೆಚ್ಚು ಚಿತ್ರಗಳನ್ನು ತೆಗೆದ ಗೆಲಕ್ಸಿಗಳಲ್ಲಿ ಒಂದಾದ ದೇವಯಾನಿಯ ಪಕ್ಕದಲ್ಲೇ ಇಷ್ಟು ದೊಡ್ಡದು ಯಾರ ಗಮನಕ್ಕೂ ಬಾರದೆ ಉಳಿದಿತ್ತು! ಎಲ್ಲವನ್ನೂ ಕಂಡುಹಿಡಿದಾಗಿದೆ, ನಮಗೇನು ಉಳಿದಿದೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಬೆಂಗಳೂರಿನಂಥ ಊರುಗಳಲ್ಲಿ ನೆಲೆಸಿರುವ ನಿಮ್ಮ ಮಕ್ಕಳು ದೇವಯಾನಿಯನ್ನು ಬರಿಗಣ್ಣಿನಿಂದ ನೋಡಿರಲಾರರು. ಫಿಲ್ಟರು ಕ್ಯಾಮೆರಾಕ್ಕೆ ಕತ್ತಲನ್ನು ಮರಳಿ ಕೊಟ್ಟೀತು, ಕಣ್ಣಿಗೆ ಕೊಡಲಾರದು. ಆದ್ದರಿಂದ ಕಾರ್ತಿಕ ಮಾಸದ ಕೊನೆಯ ಅಮಾವಾಸ್ಯೆಯ ಹೊತ್ತಿಗೆ ಅವರನ್ನು ಊರಿಗೆ ಕರೆತನ್ನಿ. ರಾತ್ರಿ ಒಂಬತ್ತರ ಸುಮಾರಿಗೆ ಅಂಗಳದ ದೀಪ ಆರಿಸಿ, ನೆತ್ತಿಯಿಂದ ತುಸು ಉತ್ತರಕ್ಕೆ ಕಾಣುವ ಆ ಮಸುಕಾದ ಬಿಳಿಯ ತೇಪೆಯನ್ನು ತೋರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅವಸರ ಮಾಡಬೇಡಿ.